ರಾಣಿ ಕೇಳಿದ ಎರಡಕ್ಷರದ ಮಾತು

"ಹೊಯಿಗೆಪಟ್ಟಣದ ಪ್ರಜೆಗಳೇ, ತೆರೆ ಏರಲು ಪರವೂರಿನಿಂದ ಬಂದವರೇ, ಕೇಳಿರಿ. ರಾಣಿ ಹೊನ್ನಲದೇವಿಯವರ ಮೂರು ಒಗಟುಗಳನ್ನು ಬಿಡಿಸುವ ತನಕ ಯಾರೂ ಹಲಗೆ ಹಿಡಿದು ಕಡಲಿಗೆ ಇಳಿಯುವಂತಿಲ್ಲ. ಕೊನೆಯ ಒಗಟನ್ನು ಬಿಡಿಸಿದವರಿಗೆ ಈ ತೀರದ ಅಧಿಕಾರ. ದಿನಾ ಬೆಳಿಗ್ಗೆ ಗಾಳಿ, ಮೋಡ, ನೀರು ನೋಡಿ, ಇಳಿಯಬಹುದೋ ಬಾರದೋ ಎಂದು ಅವರು ಹೇಳಿದ್ದೇ ಅಪ್ಪಣೆ. ಒಗಟಿಗೆ ತಪ್ಪು ಉತ್ತರ ಹೇಳಿದವರನ್ನು ಮರುದಿನವೇ ಹಲಗೆ ಕೊಟ್ಟು ಮಳೆಗಾಲದ ಕಡಲಿಗೆ ಬಿಡಲಾಗುವುದು."

ಡಂಗುರ ಕೇಳಿ ಊರು ಕಂಗೆಟ್ಟಿತು. ಉದ್ದನೆಯ ಹಲಗೆಯ ಮೇಲೆ ನಿಂತು ತೆರೆಯ ಬೆನ್ನೇರಿ ದಡಕ್ಕೆ ಬರುವ ಆಟಕ್ಕಾಗಿ ಏಳು ಸೀಮೆಯ ಜನ ಅಲ್ಲಿಗೆ ಬರುತ್ತಿದ್ದರು. ಊರಿನ ಅನ್ನವೆಲ್ಲ ಆ ಆಟದಿಂದಲೇ. ರಾಣಿಯ ಒಬ್ಬನೇ ಮಗ ಅದೇ ಆಟದಲ್ಲಿ ಮುಳುಗಿ ಸತ್ತಿದ್ದ. ಅಂದಿನಿಂದ ಆಕೆ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ.

ಮೊದಲು ಬಂದವನು ಒಬ್ಬ ಸಾಹುಕಾರನ ಮಗ. ತೀರದಲ್ಲಿ ಹಾಕಿದ ಚಪ್ಪರದಡಿ ಕೂತು ರಾಣಿ ಕೇಳಿದಳು: "ನಮ್ಮಲ್ಲಿಗೆ ಒಬ್ಬ ನೆಂಟ ಬರುತ್ತಾನೆ. ಅವನನ್ನು ಹೊರಡಿಸಿದವನು ದೂರದಲ್ಲೆಲ್ಲೋ ಆಗಲೇ ಇಲ್ಲವಾಗಿರುತ್ತಾನೆ. ಇಲ್ಲಿ ಒಂದೆಲೆಯೂ ಅಲುಗದ ದಿನ ಇವನು ಗರ್ಜಿಸುತ್ತ ಬಂದು ಬೀಳುತ್ತಾನೆ. ಯಾರವನು?"

ಸಾವು ಎಂದ ಹುಡುಗ. ಮರುದಿನ ಸಂಜೆ ಅವನ ಹಲಗೆ ಮಾತ್ರ ದಡಕ್ಕೆ ಬಂತು. ಆಮೇಲೆ ಬಂದ ಹಡಗಿನ ನಾಯಕ ಗುಡುಗು ಎಂದ. ಅವನ ಹಲಗೆಯೂ ಬರಲಿಲ್ಲ.

ಮೂರನೆಯವನಾಗಿ ಶೀನ ಹೋದ. ಪರವೂರಿನವರಿಗೆ ತೆರೆ ಏರುವುದನ್ನು ಕಲಿಸುತ್ತಿದ್ದವನು ಅವನೇ. ಅವನ ತಂಗಿ ಅಪ್ಪಿ, ಕಾಲು ಜಾರದಂತೆ ಹಲಗೆಗಳಿಗೆ ಮೇಣ ತಿಕ್ಕಿ ಕೊಡುವವಳು. ನೀರಿಗೆ ಹೆದರುತ್ತಿದ್ದ ಅವಳು ಮೊಣಕಾಲಿಗಿಂತ ಆಳಕ್ಕೆ ಎಂದೂ ಇಳಿದವಳಲ್ಲ. ಹೋಗಬೇಡ ಎಂದು ಅಣ್ಣನ ಕೈ ಹಿಡಿದು ಅತ್ತಳು. ಅವನು ಕೈ ಕೊಡವಿಕೊಂಡು ಹೋದ.

ಮೊದಲ ಒಗಟನ್ನು ಅವನು ಸಲೀಸಾಗಿ ಬಿಡಿಸಿದ. ನೆಂಟ ಎಂದರೆ ತೆರೆ. ದೂರದ ಕಡಲಲ್ಲಿ ಅದನ್ನು ಎಬ್ಬಿಸಿದ ಬಿರುಗಾಳಿ ಅಲ್ಲೇ ಅಡಗಿರುತ್ತದೆ, ತೆರೆ ಮಾತ್ರ ನಡೆದು ಬರುತ್ತದೆ ಎಂದ. ರಾಣಿ ತಲೆದೂಗಿ ಎರಡನೆಯದನ್ನು ಕೇಳಿದಳು. ಮನೆಯಲ್ಲೆಲ್ಲ ರಂಪ, ಒಂದು ಕೋಣೆ ಮಾತ್ರ ಸದ್ದಿಲ್ಲದೆ ಇದೆ. ಹೆದರಿದವರು ಅಲ್ಲಿಗೇ ಓಡುತ್ತಾರೆ. ಹೊಕ್ಕ ಬಾಗಿಲಿನಿಂದ ಹೊರಬರಲು ಹೋದವರು ಸಾಯುತ್ತಾರೆ. ಶೀನ ತುಂಬ ಹೊತ್ತು ಯೋಚಿಸಿ, ಬಂಡೆಯ ಮರೆ ಎಂದ. ತಪ್ಪಾಗಿತ್ತು.

ಮರುದಿನ ಬೆಳಿಗ್ಗೆ ಭಟರು ಅವನನ್ನು ನೀರಿನ ಅಂಚಿಗೆ ತಂದು ನಿಲ್ಲಿಸಿದರು. ಕಡಲು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಪ್ಪಿ ಜನರನ್ನು ತಳ್ಳಿಕೊಂಡು ಚಪ್ಪರದ ಮುಂದೆ ಬಂದು, ಉಳಿದ ಒಗಟು ತಾನು ಬಿಡಿಸುತ್ತೇನೆ, ಗೆದ್ದರೆ ಅಣ್ಣನನ್ನು ಬಿಡಬೇಕು ಎಂದಳು. ಸೋತರೆ ಇಬ್ಬರೂ ಹೋಗಬೇಕಾಗುತ್ತದೆ ಎಂದಳು ರಾಣಿ. ಅಪ್ಪಿ ಒಪ್ಪಿದಳು.

"ಆ ಕೋಣೆ ಅಂದರೆ ಸೆಳೆತ, ಅಮ್ಮ. ತೆರೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗುವ ದಾರಿ. ಅಲ್ಲಿ ನೊರೆ ಏಳುವುದಿಲ್ಲ. ಹೊಸಬರು ಅದೇ ಒಳ್ಳೆಯ ಜಾಗ ಅಂದುಕೊಂಡು ಇಳಿಯುತ್ತಾರೆ. ಅದು ಎಳೆದೊಯ್ದಾಗ ನೇರ ದಡಕ್ಕೆ ಈಜಿದವರ ಕೈ ಸೋಲುತ್ತದೆ. ಪಕ್ಕಕ್ಕೆ ಈಜಿದವರು ಉಳಿಯುತ್ತಾರೆ."

"ಇಷ್ಟು ದಿನ ಕಡಲಲ್ಲೇ ಇದ್ದ ನಿನ್ನ ಅಣ್ಣನಿಗೆ ಇದು ಹೇಗೆ ಹೊಳೆಯಲಿಲ್ಲ?"

"ಅವನಿಗೆ ಅದು ಆಚೆ ಹೋಗುವ ದಾರಿ, ಅಮ್ಮ. ಅದನ್ನು ಹಿಡಿದೇ ದೊಡ್ಡ ತೆರೆಯ ಹತ್ತಿರ ಹೋಗುತ್ತಾನೆ. ಅವನು ಎಲ್ಲಿ ಸಿಕ್ಕಿಬೀಳುತ್ತಾನೋ ಅಂತ ದಡದಲ್ಲಿ ನಿಂತು ನೋಡುವವಳು ನಾನು."

ರಾಣಿ ಮೊದಲ ಬಾರಿಗೆ ತಲೆಯೆತ್ತಿ ಎದುರಿದ್ದವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಎರಡಕ್ಷರದ ಒಂದು ಮಾತು. ಆಗಷ್ಟೇ ಮಾತು ಕಲಿತ ಮಗುವೂ ಹೇಳುತ್ತದೆ. ನನ್ನ ಮಗ ಕೆಟ್ಟ ಕಡಲಿಗೆ ಹಲಗೆ ಹಿಡಿದು ಹೊರಟ ದಿನ ಊರೇ ಇಲ್ಲಿ ನಿಂತಿತ್ತು. ಆದರೂ ಒಬ್ಬರ ಬಾಯಿಂದಲೂ ಆ ಮಾತು ಬರಲಿಲ್ಲ. ಯಾವುದದು?"

ಅಪ್ಪಿಗೆ ಉತ್ತರ ತಕ್ಷಣ ಹೊಳೆಯಿತು, ನಾಲಿಗೆ ಮಾತ್ರ ಏಳಲಿಲ್ಲ. ಆ ದಿನ ದಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಮಗನಿಗೆ ಚಪ್ಪಾಳೆ ತಟ್ಟಿದವಳು ರಾಣಿಯೇ. ಉತ್ತರ ಹೇಳಿದರೆ ಅದು ಆಕೆಯ ಎದೆಗೇ ತಾಗುತ್ತಿತ್ತು. ಅಪ್ಪಿ ಅಣ್ಣನ ಕಡೆ ನೋಡಿದಳು. ಅವನ ಕೈಗೆ ಹಲಗೆ ಕೊಟ್ಟಾಗಿತ್ತು.

"ಬೇಡ," ಎಂದಳು. "ಆ ಮಾತು 'ಬೇಡ', ಅಮ್ಮ. ರಾಜಕುಮಾರರಿಗೆ ಹೇಳಲು ನಮಗೆಲ್ಲ ಭಯ. ನಿಮಗೆ ಅವರ ಖುಷಿ ಕೆಡಿಸಲು ಮನಸ್ಸು ಬರಲಿಲ್ಲ."

ರಾಣಿ ಕಡಲಿನ ಕಡೆ ತಿರುಗಿದಳು.

"ಹೇಳಿದ್ದರೆ ನಿಲ್ಲುತ್ತಿದ್ದನೇ?"

"ಗೊತ್ತಿಲ್ಲ, ಅಮ್ಮ. ನಾನು ಹೇಳಿದೆ, ಅಣ್ಣ ನಿಲ್ಲಲಿಲ್ಲ. ಆದರೂ ಹೇಳಬೇಕು."

ಅಷ್ಟರಲ್ಲಿ ಭಟರ ನಾಯಕ, ಹೊತ್ತಾಯಿತು, ಇವನನ್ನು ನೀರಿಗಿಳಿಸಲೇ ಎಂದು ಕೇಳಿದ. ರಾಣಿ ಎದ್ದು ಬರಿಗಾಲಲ್ಲಿ ಮರಳಿನ ಮೇಲೆ ನಡೆದು ಹೋದಳು. ಶೀನನ ಕೈಯಿಂದ ಹಲಗೆಯನ್ನು ತೆಗೆದುಕೊಂಡು ಎದೆಗವಚಿಕೊಂಡಳು.

"ಬೇಡ," ಎಂದಳು. ಆ ಮಾತು ಹೊರಬಿದ್ದದ್ದೇ ಕುಸಿದು ಕೂತು ಅತ್ತಳು.

ಅಪ್ಪಿಗೆ ತೀರದ ಅಧಿಕಾರ ಬಂತು. ಇರಲು ಒಂದು ಮನೆ, ದಡದುದ್ದಕ್ಕೂ ತೆಂಗಿನ ತೋಟ ಸಿಕ್ಕಿತು. ಶೀನ ಅವಳ ಮಾತು ಕೇಳಿ ಇಳಿಯಲು ಕಲಿತ, ಗೊಣಗಿಕೊಂಡೇ. ಮಳೆಗಾಲ ಕಳೆದ ಮೇಲೆ ಜನ ಮತ್ತೆ ಬಂದರು, ಊರಲ್ಲಿ ಒಲೆ ಹೊತ್ತಿದವು.

ರಾಣಿ ಮಾತ್ರ ಸತ್ತ ಇಬ್ಬರ ಮನೆಗೂ ಒಬ್ಬಳೇ ಹೋದಳು. ಹಡಗಿನ ನಾಯಕನ ಹೆಂಡತಿ ಕದ ತೆರೆಯಲೇ ಇಲ್ಲ. ಸಾಹುಕಾರನ ಮಗನ ತಾಯಿ ತೆರೆದಳು, ಕೂತುಕೊಳ್ಳಿ ಎನ್ನಲಿಲ್ಲ. ಇಬ್ಬರು ತಾಯಂದಿರೂ ಹೊಸ್ತಿಲಿನ ಆಚೆ ಈಚೆ ಕತ್ತಲಾಗುವ ತನಕ ನಿಂತೇ ಇದ್ದರು.