ಕಾರಿನಲ್ಲೇ ಉಳಿದ ವಾದ್ಯ

ಗುರುವಿನ ಮನೆಗೆ ಬರಿಗೈಲಿ ಹೋಗಬಾರದು ಎನ್ನುತ್ತಾರೆ. ಮೆಲ್ವಿನ್ ಬಾಳೆಹಣ್ಣು ಹಿಡಿದು ಹೋದ.

ಸೇಸಪ್ಪ ಮಾಸ್ಟ್ರು ಮನೆಯ ಹಿಂದೆ ಹೊಳೆಬದಿಯ ಕಲ್ಲಿನ ಮೇಲೆ ಕೂತಿದ್ದರು. ನಲವತ್ತು ವರ್ಷ ದೇವಸ್ಥಾನದಲ್ಲಿ ಸ್ಯಾಕ್ಸೋಫೋನ್ ಊದಿದವರು. ಮೇಲಿನ ಹಲ್ಲು ಊರದೆ ಆ ವಾದ್ಯ ಬಾಯಲ್ಲಿ ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ ಅವರ ಹಲ್ಲು ಬಿದ್ದವು, ಊದುವುದೂ ನಿಂತಿತು.

"ಎಂತ ಮಾರಾಯ, ಮುಖ ಬಾಡಿದೆ?"

"ಸುಜಯಾ ನಮ್ಮನ್ನು ಬಿಟ್ಟುಬಿಟ್ಟಳು, ಮಾಸ್ಟ್ರೇ."

ಸುಜಯಾ ಅವನ ಬ್ಯಾಂಡಿನ ಹಾಡುಗಾರ್ತಿ. ಹಾಡು ಕಟ್ಟುತ್ತಿದ್ದವಳೂ ಅವಳೇ. ಗಂಟಲಿನ ಆಪರೇಷನ್ ಆದಮೇಲೆ ಸ್ವರ ಮರಳಲಿಲ್ಲ. ಉಳಿದ ಮೂವರು ಸೇರಿ ತೀರ್ಮಾನ ಮಾಡಿದರು: ಇನ್ನು ಹಾಡಿಲ್ಲ, ಬರೀ ವಾದ್ಯ, ಬರೀ ಜಾಝ್. ಊರು ಬೆರಗಾಯಿತು, ಆಮೇಲೆ ಮೆಚ್ಚಿತು. ಹಳೆಯ ಹಾಡು ಬೇಕೆಂದು ಕೂಗಿದವರಿಗೆ ಮೆಲ್ವಿನ್ ವೇದಿಕೆಯಿಂದಲೇ ಕೈಮುಗಿದು ಇಲ್ಲವೆನ್ನುತ್ತಿದ್ದ.

"ಎರಡು ಪ್ರೋಗ್ರಾಮಿಗೆ ಬಂದಳು. ಮುಂದಿನ ಸಾಲಿನಲ್ಲೇ ಕೂತಳು, ಮಡಿಲಲ್ಲಿ ಹಾಡು ಬರೆಯುವ ಹೊಸ ನೋಟ್‌ಬುಕ್ಕು. ಮೂರನೆಯದಕ್ಕೆ ಕುರ್ಚಿ ಖಾಲಿ. ಈಗ ಮೆಸೇಜಿಗೂ ಉತ್ತರ ಇಲ್ಲ. ಬೇರೆಯವರ ಬಾಯಲ್ಲಿ ಅವಳ ಹಾಡು ಹಾಡಿಸಿ ನೋಯಿಸಬಾರದು ಅಂತ ಇಷ್ಟೆಲ್ಲ ಮಾಡಿದೆವು. ತಪ್ಪೆಲ್ಲಿ?"

"ಹಾಡು ಬೇಡ ಅಂತ ಅವಳು ಹೇಳಿದಳಾ?"

"ಕೇಳಲಿಲ್ಲ. ಕೇಳಿದರೇ ನೋವಾಗ್ತದಲ್ಲ."

ಮಾಸ್ಟ್ರು ಬಾಳೆಹಣ್ಣು ಸುಲಿದರು. "ನಿನ್ನ ಸ್ಯಾಕ್ಸ್ ಎಲ್ಲುಂಟು?"

"ಕಾರಲ್ಲಿ."

"ಹೋದ ಸರ್ತಿ?"

"ಆಗಲೂ ಕಾರಲ್ಲೇ."

"ನನ್ನ ಹಲ್ಲು ಬಿದ್ದಮೇಲೆ ಒಮ್ಮೆಯಾದರೂ ಇಲ್ಲಿಗೆ ತಂದದ್ದುಂಟಾ?"

ಮೆಲ್ವಿನ್ ತಲೆ ತಗ್ಗಿಸಿದ. "ನಿಮಗೆ ಬೇಜಾರಾಗ್ತದೆ ಅಂತ..."

ಮಾಸ್ಟ್ರು ಬಾಯಿ ತೆರೆದು ಬೋಳು ವಸಡು ತೋರಿಸಿದರು.

"ಹೋದದ್ದು ಹಲ್ಲು. ಕಿವಿಯೂ ಹೋಗಿದೆ ಅಂತ ನಿನಗೆ ಯಾರು ಹೇಳಿದ್ದು?"

ಮೆಲ್ವಿನ್ ಕಾರಿನಿಂದ ವಾದ್ಯ ತಂದ. ಅವರೇ ಕಲಿಸಿದ್ದ ಹಿಂದೋಳ ರಾಗ ಊದಿದ. ಮುದುಕರ ಬೆರಳುಗಳು ಮಂಡಿಯ ಮೇಲೆ ಜೊತೆಜೊತೆಗೇ ಆಡತೊಡಗಿದವು. ಎರಡು ವರ್ಷ ಈ ಬೆರಳುಗಳನ್ನು ತಾನು ಉಪವಾಸ ಕೆಡವಿದ್ದೆ ಎಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು, ಅಳು ಬಂತು, ಉಸಿರು ನಡುವೆಯೇ ಮುರಿಯಿತು.

"ಮೇಲಿನ ಷಡ್ಜ ತಗ್ಗಿತು," ಎಂದರು ಮಾಸ್ಟ್ರು, ಕಣ್ಣೊರೆಸಿಕೊಳ್ಳುತ್ತ. "ಇನ್ನೊಮ್ಮೆ."

ಇನ್ನೊಮ್ಮೆ ಊದಿದ. ಆಮೇಲೆ ವಾದ್ಯವನ್ನು ಮಡಿಲಿಗಿಳಿಸಿದ. ಹೊಳೆಯ ಮೇಲೆ ಮೋಡ ಕವಿದಿತ್ತು.

"ಸುಜಯಾ ಹತ್ತಿರ ಹೋಗಿ ಏನು ಹೇಳಲಿ, ಮಾಸ್ಟ್ರೇ? ಬಾಗಿಲು ತೆಗೀತಾಳೋ ಇಲ್ಲವೋ."

"ತೆಗೆಯದಿದ್ದರೆ ಹೊರಗೇ ನಿಂತು ಹೇಳು. ಅವಳ ಸ್ವರ ತಿಂದದ್ದು ರೋಗ. ಹಾಡು ತಿಂದದ್ದು ಯಾರು, ಅದನ್ನು ಹೇಳು."