ಹೆಪ್ಪು ಕೇಳಲು ಹೊರಟ ಕುಡಿಕೆ

ಒಂದು ಕೇರಿಯಲ್ಲಿದ್ದ ಮೊಸರಿನ ಕುಡಿಕೆಗೆ ನೆರೆಹೊರೆಯ ಮೇಲೆ ಬಲು ನಂಬಿಕೆ. ಮಧ್ಯಾಹ್ನದ ಊಟದ ಹೊತ್ತಿಗೆ ಸೌಟು ಅದನ್ನು ಕೇಳಿತು: "ತಳದಲ್ಲಿ ಇಷ್ಟೇ ಇಷ್ಟು ಮೊಸರಿದೆ. ಹೆಪ್ಪಿಗೆ ಬಿಡಲೇ?"

"ಬಳಿದುಕೋ. ಹೆಪ್ಪಿಗೇನು ಬರ? ಪಕ್ಕದ ಮನೆಯ ಗಡಿಗೆಯಕ್ಕ ಇಲ್ಲವೆನ್ನುವವಳಲ್ಲ," ಎಂದಿತು ಕುಡಿಕೆ. ಸೌಟು ಬಳಿದುಕೊಂಡಿತು.

ಸಂಜೆ ಆಗಷ್ಟೇ ಕರೆದ ಮೇಕೆ ಹಾಲು ನೊರೆಯ ಸಮೇತ ಬಂತು. ಒಲೆಯ ಮೇಲೆ ಕಾದು, ಕೆಳಗಿಳಿದು, ಉಗುರುಬೆಚ್ಚಗಾಯಿತು. "ಅಕ್ಕಾ, ನಾನು ಸಿದ್ಧ. ಬೇಗ ಹೆಪ್ಪು ಹಾಕು. ಹೀಗೇ ಬಿಟ್ಟರೆ ಕೆಟ್ಟು ಒಡೆದುಹೋಗುತ್ತೇನೆ," ಎಂದಿತು ಹಾಲು ಕುಡಿಕೆಗೆ.

"ಈಗ ತಂದೆ, ಇರು," ಎಂದು ಕುಡಿಕೆ ಓಡಿತು.

ಗಡಿಗೆ ಹೊಸ್ತಿಲಲ್ಲೇ ಎದುರಾಯಿತು. ಅದರ ಒಳಮೈ ತೊಳೆದು ಒಣಗಿತ್ತು. "ಅಯ್ಯೋ ತಂಗೀ, ನೀನಿದ್ದೀಯ ಅಂತಲೇ ನಾನೂ ತಳ ಬಳಿಸಿಬಿಟ್ಟೆ. ನಿಮ್ಮ ಮನೆಗೇ ಹೊರಟಿದ್ದೆ!"

ಇಬ್ಬರೂ ಕೇರಿಯ ಕೊನೆಯ ಮಡಕೆಯಜ್ಜಿಯ ಮನೆಗೆ ನಡೆದರು. ಅರ್ಧ ದಾರಿಯಲ್ಲೇ ಅಜ್ಜಿ ಸಿಕ್ಕಿತು. ಅದರ ಹಿಂದೆ ಕೇರಿಯ ಮಡಕೆ ಕುಡಿಕೆಗಳೆಲ್ಲ ಖಾಲಿಯಾಗಿ ಬರುತ್ತಿದ್ದವು.

"ನಮ್ಮತ್ತೆ ತವರಿನಿಂದ ತಂದ ಹೆಪ್ಪು ಕಣ್ರೇ ಅದು. ಒಂದೇ ಹೆಪ್ಪು ಮನೆಯಿಂದ ಮನೆಗೆ ಹೋಗಿ ಇಡೀ ಕೇರಿಯನ್ನು ಸಾಕಿತ್ತು," ಎಂದಿತು ಅಜ್ಜಿ. "ಒಬ್ಬಳಾದರೂ ಒಂದು ಚಮಚ ಉಳಿಸಿದ್ದೀರಾ?"

ಎಲ್ಲರ ಬಾಯಿಯೂ ತೆರೆದೇ ಇತ್ತು. ಒಂದರೊಳಗೊಂದು ಇಣುಕಿ ನೋಡಿದವು; ಎಲ್ಲದರ ತಳವೂ ಒಣಗಿತ್ತು. "ನೀವು ಉಳಿಸಿರಲಿಲ್ಲವೇ ಅಜ್ಜಿ?" ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಕುಡಿಕೆ ಬರಿದಾಗಿಯೇ ಮನೆಗೆ ಮರಳಿತು.

"ಸಿಕ್ಕಿತಾ ಅಕ್ಕಾ?" ಎಂದಿತು ಹಾಲು. ಅದಿನ್ನೂ ಬೆಚ್ಚಗಿತ್ತು.