ಮೂಲೆಯ ಕುರ್ಚಿಯಿಂದ ಬಾರದ ಮಾತು

ಹೊಳೆದಂಡೆಯ ಶೆಡ್ಡಿನಲ್ಲಿ ನಿರ್ವಾಣಪ್ಪ ಟೇಕ್ವಾಂಡೋ ಕಲಿಸುತ್ತಿದ್ದರು.

ಅವರ ಶಿಷ್ಯೆ ತಬಸ್ಸುಮ್‌ಳ ಕಾಲು ಬಲು ಚುರುಕು. ಪಂದ್ಯದಲ್ಲಿ ಗುರು ಮೂಲೆಯ ಕುರ್ಚಿಯಿಂದ "ಎದೆ!" ಎಂದರೆ ಎದೆಗೆ, "ತಲೆ!" ಎಂದರೆ ತಲೆಗೆ ಒದೆಯುವಳು.

ಹೋದ ವರ್ಷ ಜಿಲ್ಲಾ ಫೈನಲ್‌ನಲ್ಲಿ ಅವಳು ಸೋತಿದ್ದೂ ಹೀಗೆಯೇ. ಗುರು "ತಲೆ!" ಎಂದಾಗಲೆಲ್ಲ ಎದುರಾಳಿಯ ಕೈ ಮೊದಲೇ ಮೇಲೇರುತ್ತಿತ್ತು. ಆ ಹುಡುಗಿಗೂ ಕನ್ನಡ ಬರುತ್ತಿತ್ತು.

ಈ ವರ್ಷವೂ ಫೈನಲ್‌ಗೆ ಅದೇ ಹುಡುಗಿ. ಗೆದ್ದವಳಿಗೆ ಮಾತ್ರ ರಾಜ್ಯಮಟ್ಟದಲ್ಲಿ ಆಡುವ ಅವಕಾಶ.

"ಗುಟ್ಟಿನ ಮಾತು ಇಟ್ಟುಕೊಳ್ಳೋಣ ಸರ್," ಎಂದಳು ತಬಸ್ಸುಮ್. "ಇಡ್ಲಿ ಅಂದರೆ ಎದೆ. ವಡೆ ಅಂದರೆ ತಲೆ."

"ಸರಿಹೋಯ್ತು. ನಾನೇನು ಹೋಟೆಲಿಗೆ ಬಂದಿದ್ದೀನಾ?"

ಮೂರು ಸುತ್ತಿನ ಪಂದ್ಯ ಶುರುವಾಯಿತು. ಕುರ್ಚಿಯಿಂದ ಇಡ್ಲಿಯೂ ಬರಲಿಲ್ಲ, ವಡೆಯೂ ಬರಲಿಲ್ಲ. ತಬಸ್ಸುಮ್ ಗುರುವಿನತ್ತ ನೋಡಿದಾಗಲೆಲ್ಲ ಎದೆಗೆ ಒದೆತ ಬಿತ್ತು. ಮೊದಲ ಸುತ್ತು ಹೋಯಿತು.

ಎದುರು ಮೂಲೆಯಿಂದ ಕೋಚ್ ಪಾಲಾಕ್ಷ ಕೂಗಿದ: "ಏನ್ ನಿರ್ವಾಣಣ್ಣ, ಗಂಟಲು ಕಟ್ಟಿದೆಯಾ?"

ತಬಸ್ಸುಮ್ ಏದುಸಿರು ಬಿಡುತ್ತ ಬಂದಳು. "ಏನಾದರೂ ಹೇಳಿ ಸರ್. ಇನ್ನೊಂದು ಸುತ್ತು ಹೋದರೆ ಮುಗೀತು."

ನಿರ್ವಾಣಪ್ಪ ನೀರು ಕೊಟ್ಟರು. "ನೀನು ಹೇಳು. ಏನು ಕಂಡೆ?"

"ಏನೂ ಇಲ್ಲ. ನಿಮ್ಮನ್ನೇ ನೋಡುತ್ತಿದ್ದೆ."

"ನಿನಗೆ ಒದೆಯುತ್ತಿರುವುದು ನಾನಾ?"

ಅವಳು ಮ್ಯಾಟಿಗೆ ಮರಳಿದಳು. ಮತ್ತೆ ಕುರ್ಚಿಯತ್ತ ತಿರುಗಲಿಲ್ಲ.

ಎದುರಾಳಿ ಮುಂದಿನ ಕಾಲೆತ್ತಿ ಒದೆತ ತಡೆಯುತ್ತಿದ್ದಳು. ಆ ಕಾಲು ಇಳಿಯುವಾಗ ಅವಳ ಎಡಗೈಯೂ ಜೊತೆಗೇ ಇಳಿಯುತ್ತಿತ್ತು. ತಬಸ್ಸುಮ್ ಅದನ್ನು ನೋಡಿದಳು. ಇನ್ನೊಮ್ಮೆ ನೋಡಿದಳು.

ಆಮೇಲೆ ಎದೆಗೆ ಒದೆಯುವವಳಂತೆ ಮೊಣಕಾಲೆತ್ತಿದಳು. ಎದುರಾಳಿಯ ಕಾಲು ಮೇಲೆದ್ದಿತು. ತಬಸ್ಸುಮ್ ಒದೆಯದೆ ಕಾದಳು. ಆ ಕಾಲು ಇಳಿಯತೊಡಗಿತು, ಕೈಯೂ ಇಳಿಯಿತು. ಕಾಲು ನೆಲ ಮುಟ್ಟುವ ಮೊದಲೇ ತಬಸ್ಸುಮ್‌ಳ ಪಾದ ಎದುರಾಳಿಯ ಹೆಲ್ಮೆಟ್ಟಿಗೆ ತಗುಲಿತ್ತು. ಮೂರು ಅಂಕ.

ಆ ಸುತ್ತು ಅವಳದಾಯಿತು. ಈ ಸಲ ವಿರಾಮದಲ್ಲಿ ಅವಳೇನೂ ಕೇಳಲಿಲ್ಲ. ನೀರು ಕುಡಿದು ಹೋದಳು.

ಕೊನೆಯ ಸುತ್ತೂ ಅವಳದೇ.

ರೆಫರಿ ಅವಳ ಕೈ ಎತ್ತಿದಾಗ ನಿರ್ವಾಣಪ್ಪ ದಡಕ್ಕನೆ ಎದ್ದರು. ಕುರ್ಚಿ ಹಿಂದಕ್ಕೆ ಉರುಳಿದ್ದು ಅವರಿಗೆ ತಿಳಿಯಲಿಲ್ಲ.

ಪಾಲಾಕ್ಷ ಬಂದು ಕೈಕುಲುಕಿದ. "ಆ ಒದೆತ ಯಾವಾಗ ಹೇಳಿಕೊಟ್ರಿ ಅಣ್ಣ? ನಿಮ್ಮ ಶೆಡ್ಡಿನವರು ಯಾರೂ ಹಾಗೆ ಒದ್ದದ್ದು ನಾನು ನೋಡಿಲ್ಲ."

"ನಾನು ಹೇಳಿಕೊಟ್ಟಿಲ್ಲ ಪಾಲಾಕ್ಷ," ಎಂದರು ಗುರು. "ತಡಿ, ಅವಳು ಬರಲಿ. ನಾನೂ ಕಲಿಯಬೇಕು."